ಉತ್ತರದೇಶದವರ ಬಾಗಿಲು

ನಮ್ಮ ಮನೆಯ ಟಿ.ವಿ. ಬಲಗಡೆ ಎರಡು ಬೆರಳಷ್ಟು ಚಿತ್ರವನ್ನು ತಿಂದುಬಿಡುತ್ತಿತ್ತು. ವಾರ್ತೆ ಓದುವ ಹೆಂಗಸಿಗೆ ಒಂದೇ ಭುಜ. ಕ್ರಿಕೆಟ್ಟಿನಲ್ಲಿ ಚೆಂಡು ಬಲಕ್ಕೆ ಹೋಯಿತೆಂದರೆ ಅದು ಫೋರೋ ಕ್ಯಾಚೋ ಎಂದು ಪಕ್ಕದ ಮನೆಯವರ ಕೂಗಿನಿಂದ ತಿಳಿದುಕೊಳ್ಳಬೇಕಿತ್ತು. ರಿಪೇರಿಯವನು ಮೂರು ಸಲ ಬಂದು ಮೂರು ಲೋಟ ಕಾಫಿ ಕುಡಿದು, ಟ್ಯೂಬೇ ಹಾಗೆ, ಅಭ್ಯಾಸ ಮಾಡಿಕೊಳ್ಳಿ ಎಂದು ಹೇಳಿ ಹೋಗಿದ್ದ. ನಾವು ಅಭ್ಯಾಸ ಮಾಡಿಕೊಂಡಿದ್ದೆವು. ಆ ಎರಡು ಬೆರಳಿನಿಂದ ನಮ್ಮ ಚಿಕ್ಕಪ್ಪನ ಮದುವೆ ಮುರಿಯುವುದರಲ್ಲಿತ್ತು ಎಂದು ಅಮ್ಮ ಹೇಳುತ್ತಾಳೆ. ಆ ಎರಡು ಬೆರಳಿನಿಂದಲೇ ಮದುವೆ ಆಯಿತು ಎಂದು ನಾನು ಹೇಳುತ್ತೇನೆ. ತಪ್ಪು ನನ್ನದಾದ್ದರಿಂದ ನನ್ನ ಮಾತಿಗೆ ಮನೆಯಲ್ಲಿ ಅಷ್ಟು ಬೆಲೆಯಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್, ಹಿಂಭಾಗದಲ್ಲಿ ನಾವು. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವರಾದ್ದರಿಂದ ನಮ್ಮ ಮನೆಯಲ್ಲಿ ಗುಟ್ಟು ಹೇಳುವುದೂ ಜಗಳವಾಡಿದ ಹಾಗೆಯೇ ಕೇಳುತ್ತಿತ್ತು. ಅಪ್ಪ ಮಗ್ಗ ನೋಡಿಕೊಳ್ಳುತ್ತಿದ್ದ. ಚಿಕ್ಕಪ್ಪ ಅಂಚು ಬರೆಯುತ್ತಿದ್ದ. ಸೀರೆಯ ಅಂಚು ಮಗ್ಗಕ್ಕೆ ಏರುವ ಮೊದಲು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬರೆಯಬೇಕು. ತುಂಬಿದ ಚೌಕಕ್ಕೆ ಎಳೆ ಏಳುತ್ತದೆ, ಖಾಲಿ ಚೌಕಕ್ಕೆ ಏಳುವುದಿಲ್ಲ. ಆ ಲೆಕ್ಕದಲ್ಲೇ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಮಾಲೆಯ ಹಾಗೆ ಹೊಲಿದು, ಮಗ್ಗದ ನೆತ್ತಿಯ ಮೇಲೆ ನೇತುಹಾಕಿದರೆ ಅಂಚು ತಾನಾಗಿ ನೇಯ್ದುಕೊಳ್ಳುತ್ತದೆ. ಆ ಕೆಲಸದಲ್ಲಿ ನಮ್ಮ ಬೀದಿಯಲ್ಲಿ ಚಿಕ್ಕಪ್ಪನನ್ನು ಮೀರಿಸಿದವರಿರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದಿದ್ದಕ್ಕೆ ಬೆಂಗಳೂರಿನ ಸೋದರಮಾವ ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ತಂದುಕೊಟ್ಟ. ಹುಡುಗಿಗೆ ಒಂದು ವಾಚು ತರುವುದು ಬಿಟ್ಟು ಇದೇನು ಡಬ್ಬ ಎಂದು ಅಮ್ಮ ತಮ್ಮನ ಮೇಲೆ ಸಿಡುಕಿದಳು. ಅದರ ಜೊತೆಗಿದ್ದದ್ದು ಒಂದೇ ಕ್ಯಾಸೆಟ್ಟು. ಕೊಂಬಿನ ಟೋಪಿ ಹಾಕಿದ ಒಬ್ಬ ಕುಳ್ಳ ಹಿಮದ ಮೇಲೆ ನಡೆಯುತ್ತಾನೆ, ಹಳ್ಳ ಹಾರುತ್ತಾನೆ, ಕರಡಿ ಬಂದರೆ ಸಾಯುತ್ತಾನೆ. ನಡುನಡುವೆ ಇಂಗ್ಲಿಷಿನಲ್ಲಿ ಕತೆ ಬರುತ್ತಿತ್ತು. ನಾನು ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದೆ. ಬಹಳ ಹಿಂದೆ ಉತ್ತರದ ತುತ್ತತುದಿಯಲ್ಲಿ ಒಂದು ಜನಾಂಗವಿತ್ತು. ಎತ್ತರದ ಆಳುಗಳು, ಬೆಳ್ಳನೆಯ ಕೂದಲು, ಕಲ್ಲಿನೊಳಗೆ ಊರು ಕಟ್ಟಿಕೊಂಡಿದ್ದರು. ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಒಲೆಯ ಮೇಲೇ ಬಿಟ್ಟು ಇಡೀ ಜನಾಂಗವೇ ಕಾಣೆಯಾಯಿತು. ಉಳಿದದ್ದು ಅವರ ಬಾಗಿಲುಗಳು ಮಾತ್ರ. ಬಾಗಿಲ ಮೇಲಿನ ಗುರುತು ಓದಬಲ್ಲವರಿಗೆ ಅವರು ಎಲ್ಲಿಗೆ ಹೋದರೆಂದು ತಿಳಿಯುತ್ತದೆ. ಒಲೆ ಆರಿಸದೆ ಹೋದವರು ನಮ್ಮಮ್ಮನ ಕೈಗೆ ಸಿಕ್ಕಿದ್ದರೆ ಗೊತ್ತಾಗುತ್ತಿತ್ತು ಎಂದು ನನಗೆ ಪ್ರತಿ ಸಲವೂ ಅನಿಸುತ್ತಿತ್ತು.

ನಾನು ಮೂರನೇ ಬಾಗಿಲಿನ ತನಕ ಹೋಗುತ್ತಿದ್ದೆ. ಆಮೇಲೆ ಕರೆಂಟು ಹೋಗುತ್ತಿತ್ತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ಗಪ್ಪಾಗಿ, ನಾನು ಕರೆಂಟಿನವರಿಗೆ ಹಾಕುವ ಶಾಪ ಮೂರು ಮನೆಯಾಚೆಗೆ ಕೇಳುತ್ತಿತ್ತು. ಕರೆಂಟು ವಾಪಸು ಬಂದಾಗ ಆ ಕುಳ್ಳ ಮೊದಲ ಹಳ್ಳದ ಹತ್ತಿರ ಏನೂ ಆಗದವನ ಹಾಗೆ ನಿಂತಿರುತ್ತಿದ್ದ. ಕರೆಂಟಿಲ್ಲದ ಹೊತ್ತಿನಲ್ಲಾದರೂ ಆ ಗುರುತಿನ ಅರ್ಥ ಯೋಚಿಸೋಣ ಎಂದು ಒಂದು ದಿನ ಪರದೆಯ ತುಂಬ ನಿಂತಿದ್ದ ಆ ಮೂರನೇ ಬಾಗಿಲನ್ನು ಚಿಕ್ಕಪ್ಪನ ಒಂದು ಗ್ರಾಫ್ ಹಾಳೆ ಎಗರಿಸಿ ಇಳಿಸಿಕೊಂಡೆ. ಆಟದ ಚಿತ್ರವೂ ಚೌಕ ಚೌಕ, ಹಾಳೆಯೂ ಚೌಕ ಚೌಕ, ಕಷ್ಟವೇನಾಗಲಿಲ್ಲ. ಬಲಗಡೆ ಎರಡು ಬೆರಳು ಖಾಲಿ ಬಿಟ್ಟೆ. ಕಾಣದ್ದನ್ನು ಎಲ್ಲಿಂದ ಬರೆಯಲಿ?

ಆ ಹೊತ್ತಿಗೆ ಮನೆಯಲ್ಲಿ ಚಿಕ್ಕಪ್ಪನಿಗೆ ಹೆಣ್ಣು ಹುಡುಕುವ ಗಲಾಟೆ. ಮೂವತ್ತನಾಲ್ಕು ದಾಟಿತ್ತು. ಅಜ್ಜಿ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಹೊತ್ತು, ಇನ್ನು ಹೊರುವುದಕ್ಕೆ ಹೊಸ ಹರಕೆಯೇ ಉಳಿದಿರಲಿಲ್ಲ. ಹೆಣ್ಣುಗಳಿಗೇನೂ ಬರವಿರಲಿಲ್ಲ. ಚಿಕ್ಕಪ್ಪ ಹೆಣ್ಣು ನೋಡಲು ಹೋದರೆ ಹೆಣ್ಣನ್ನು ಬಿಟ್ಟು ಅವಳ ಸೀರೆಯ ಅಂಚು ನೋಡಿಕೊಂಡು ಬರುತ್ತಿದ್ದ. ಹುಡುಗಿ ಹೇಗಿದ್ದಾಳೋ ಎಂದು ಕೇಳಿದರೆ, ಅಂಚಿನಲ್ಲಿ ಎರಡು ಎಳೆ ತಪ್ಪಿತ್ತು ಎನ್ನುತ್ತಿದ್ದ.

ದೇವನಹಳ್ಳಿ ಪಕ್ಕದ ವಿಜಯಪುರದ ಹೆಣ್ಣಿನ ಮನೆಗೆ ಅಜ್ಜಿ, ಅಪ್ಪ, ಅಮ್ಮ, ಅತ್ತೆ, ನಾನು ಎಲ್ಲರೂ ಹೋದೆವು. ಅವರದೂ ನೇಯುವವರ ಮನೆ. ಹುಡುಗಿಯೇ ದಿನಾ ಮಗ್ಗದ ಮುಂದೆ ಕೂರುವವಳು. ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಅವರ ಕಡೆಯ ಹಿರಿಯರೊಬ್ಬರು ವಾಡಿಕೆಯಂತೆ, ಏನಾದರೂ ಕೇಳುವುದಿದ್ದರೆ ಕೇಳಮ್ಮ ಎಂದರು. ಇಂಥ ಕಡೆ ಹೆಣ್ಣು ತಲೆಯಾಡಿಸಿ ಒಳಗೆ ಹೋಗುವುದೂ ವಾಡಿಕೆಯೇ. ಇವಳು ತಲೆಯೆತ್ತಿ ಕೇಳಿಯೇಬಿಟ್ಟಳು.

‘ಅಂಚು ಬರೀತಾರೆ ಅಂದ್ರಲ್ಲ. ಇವ್ರು ಬರ್ದಿರೋ ಅಂಚು ಯಾವುದು?’

ಅಮ್ಮ ಹೆಮ್ಮೆಯಿಂದ ತನ್ನ ಸೀರೆಯ ಅಂಚು ಎತ್ತಿ ತೋರಿಸಿದಳು. ಹುಡುಗಿ ನೋಡಿ, ಅದು ಧರ್ಮಾವರದ್ದು ಎಂದಳು. ಅತ್ತೆ ತನ್ನದನ್ನು ತೋರಿಸಿದಳು. ಅದು ಕಂಚಿಯದು ಎಂದಳು. ಎರಡೂ ನಿಜ. ಹೊರಗಿನಿಂದ ಒಂದು ಸೀರೆ ಬರುತ್ತಿತ್ತು, ಚಿಕ್ಕಪ್ಪ ಭೂತಗನ್ನಡಿ ಹಿಡಿದು ಅದರ ಎಳೆ ಎಣಿಸಿ ಗ್ರಾಫಿಗೆ ಇಳಿಸುತ್ತಿದ್ದ, ತಿಂಗಳೊಳಗೆ ಅದೇ ಅಂಚು ನಮ್ಮ ಬೀದಿಯ ಮಗ್ಗಗಳ ಮೇಲೆ ಓಡುತ್ತಿತ್ತು. ತನ್ನದು ಎಂದು ಒಂದು ಎಲೆಯನ್ನೂ ಅವನು ಬರೆದವನಲ್ಲ. ಬರೆ ಎಂದು ಯಾರೂ ಅವನನ್ನು ಕೇಳಿಯೂ ಇರಲಿಲ್ಲ. ಅವನ ಕಿವಿ ಕೆಂಪಗಾದದ್ದು ನನಗೆ ಕಂಡಿತು. ತರ್ತೀನಿ ಎಂದಷ್ಟೇ ಹೇಳಿದ. ಆಷಾಢ ಹತ್ತಿರವಿದ್ದುದರಿಂದ, ಹಾಗಾದರೆ ಶ್ರಾವಣಕ್ಕೆ ಬನ್ನಿ ಎಂದು ಹುಡುಗಿಯ ಅಪ್ಪ ನಮ್ಮನ್ನು ಕಳಿಸಿಕೊಟ್ಟರು.

ಬಸ್ಸಿನಲ್ಲಿ ಅಮ್ಮ ಸಿಡಿಮಿಡಿಗುಟ್ಟುತ್ತಿದ್ದಳು, ಎಂಥಾ ಬಾಯಿ ಆ ಹುಡುಗಿಗೆ ಎಂದು. ಹೋಗಲಿ, ಅವಳುಟ್ಟಿದ್ದ ಸೀರೆಯ ಅಂಚು ಎಲ್ಲಿಯದು ಎಂದು ಅತ್ತೆ ಚಿಕ್ಕಪ್ಪನನ್ನು ಕೇಳಿದಳು. ನೋಡಲಿಲ್ಲ ಎಂದ. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅಜ್ಜಿ ಕಣ್ಣು ಮುಚ್ಚಿ ಘಾಟಿಯ ಕಡೆಗೆ ಕೈ ಮುಗಿದಳು.

ಆಷಾಢವಿಡೀ ಅವನು ಗ್ರಾಫ್ ಹಾಳೆಯ ಮುಂದೆ ಕೂತ. ಮಾವಿನಕಾಯಿ ಬರೆದರೆ ಅದು ಧರ್ಮಾವರದ ಮಾವಿನಕಾಯಿಯೇ ಆಗುತ್ತಿತ್ತು. ಹಂಸ ಬರೆದರೆ ಕಂಚಿಯಿಂದ ಬಂದು ಕೂತಿರುತ್ತಿತ್ತು. ಹದಿನೈದು ವರ್ಷ ಇನ್ನೊಬ್ಬರದನ್ನು ಇಳಿಸಿದ ಕೈ ಬೇರೆ ದಾರಿ ಮರೆತಿತ್ತು. ನಮ್ಮ ಮಗ್ಗದ ಕೆಳಗೆ ಮಲಗುವ ಬೆಕ್ಕನ್ನೇ ಬರಿ ಎಂದು ನಾನು ರೇಗಿಸಿದೆ. ಪಾಪ, ಬರೆದ. ಅದಕ್ಕೂ ನವಿಲಿನ ಬಾಲ ಬಂದಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಅವನು ನಗಲಿಲ್ಲ. ಊಟ ಕಡಿಮೆ ಮಾಡಿದ್ದ, ಗಡ್ಡ ಬಿಟ್ಟಿದ್ದ. ಈ ಹುಡುಗಿ ಬೇಕು ಎಂದು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹರಿದು ಹಾಕಿದ ಹಾಳೆಗಳೇ ಹೇಳುತ್ತಿದ್ದವು.

ಹೀಗೆ ಹಾಳೆ ಹುಡುಕುವಾಗ ನನ್ನ ನೋಟ್‌ಬುಕ್ಕಿನಿಂದ ಆ ಬಾಗಿಲು ಅವನ ಕೈಗೆ ಬಿತ್ತು.

‘ಇದೆಲ್ಲಿ ಸಿಕ್ತೆ ನಿಂಗೆ?’

ಆಟದ್ದು ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆ ಡಬ್ಬವನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹಾಳೆ ಕದ್ದದ್ದಕ್ಕೆ ಬೈಗುಳ ಬೇರೆ ಬೀಳುತ್ತಿತ್ತು. ನಾನು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳಿದೆ. ಕಾಲೇಜು ಲೈಬ್ರರಿಯ ಪುಸ್ತಕದಲ್ಲಿತ್ತು ಎಂದೆ. ಉತ್ತರದೇಶದಲ್ಲಿ, ಹಿಮದಾಚೆ, ಒಂದು ಜನಾಂಗವಿತ್ತಂತೆ, ಒಂದು ದಿನ ಇದ್ದಕ್ಕಿದ್ದ ಹಾಗೆ ಕಾಣೆಯಾದರಂತೆ, ಇದು ಅವರ ಬಾಗಿಲಂತೆ. ಬಾಯಿಗೆ ಬಂದದ್ದನ್ನು ತಡೆಯಲಾರದೆ, ಅವರು ನೇಯುವವರಂತೆ ಎಂದೂ ಸೇರಿಸಿದೆ.

ಮೂಲೆಯಲ್ಲಿ ಲಾಳಿಗೆ ನೂಲು ಸುತ್ತುತ್ತಿದ್ದ ಅಜ್ಜಿ ರಾಟೆ ನಿಲ್ಲಿಸಿದಳು. ನಮ್ಮ ಹಿರಿಯರು ಉತ್ತರದಿಂದ ನಡೆದು ಬಂದವರು, ಅರ್ಧ ಜನ ಬಂದರು, ಅರ್ಧ ಜನ ಅಲ್ಲೇ ಉಳಿದುಬಿಟ್ಟರು, ಉಳಿದವರ ಸುದ್ದಿಯೇ ಇಲ್ಲ ಎಂಬುದು ಅವಳು ನಮಗೆ ತುತ್ತು ತಿನ್ನಿಸುವಾಗಿನಿಂದ ಹೇಳಿದ ಕತೆ. ನಾವ್ಯಾರೂ ಅದನ್ನು ನಂಬಿರಲಿಲ್ಲ. ಈಗ ಲೈಬ್ರರಿಯೇ ಅವಳ ಕಡೆ ಬಂದಿತ್ತು.

‘ನಾನ್ ಹೇಳ್ತಿರ್ಲಿಲ್ವಾ?’ ಎಂದಳು. ಅಷ್ಟೇ. ಅಂದಿನಿಂದ ಉಳಿದವರ ಕತೆಗೆ ದಿನಕ್ಕೊಂದು ರೆಕ್ಕೆ ಬಂತು. ಅವರ ಕೂದಲು ಬೆಳ್ಳಗಿತ್ತು ಎಂದು ನಾನು ಸೋಮವಾರ ಹೇಳಿದರೆ, ಮಂಗಳವಾರ ಅಜ್ಜಿ ಅದನ್ನು ತನ್ನ ಅಜ್ಜಿ ಹೇಳಿದ್ದು ಎಂದು ನನಗೇ ಹೇಳುತ್ತಿದ್ದಳು.

ಚಿಕ್ಕಪ್ಪ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. ಕಂಚಿಯದಲ್ಲ, ಧರ್ಮಾವರದ್ದಲ್ಲ ಎಂದು ತನಗೇ ಹೇಳಿಕೊಂಡ. ನಿನ್ನದು ಎಂದೇ ಹೇಳಿಬಿಡು, ಯಾರಿಗೆ ಗೊತ್ತಾಗುತ್ತೆ ಎಂದು ನಾನು ಪುಸಲಾಯಿಸಿದೆ. ಅವನು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ.

‘ನಂದು ಅಂತ ಹೆಂಗ್ ಹೇಳ್ಲೇ? ನಮ್ಮೋರ್ದು ಅಂತ ಹೇಳ್ತೀನಿ. ಅದಾದ್ರೂ ನಿಜ ಇರ್ತದಲ್ಲ.’

ಆಗಲೇ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಲಗಡೆ ಯಾಕೆ ಖಾಲಿ ಎಂದು ಕೇಳಿದ್ದಕ್ಕೆ, ಆ ಕಡೆ ಕಲ್ಲು ಒಡೆದುಹೋಗಿದೆಯಂತೆ ಎಂದುಬಿಟ್ಟೆ.

ಆದರೆ ಅಂಚಿನಲ್ಲಿ ಖಾಲಿ ಬಿಡುವಂತಿಲ್ಲ. ಕಾರ್ಡಿನ ಮಾಲೆ ಸುತ್ತುತ್ತಲೇ ಇರುತ್ತದೆ, ಕೊನೆಯ ಕಾರ್ಡು ಮುಗಿದ ಕೂಡಲೇ ಮೊದಲನೆಯದು ಬರುತ್ತದೆ. ಎರಡೂ ಕೂಡುವ ಜಾಗ ಕಣ್ಣಿಗೆ ಕುಕ್ಕಬಾರದು. ಒಂದು ಬಾಗಿಲಿನ ಬಲ ಮಗ್ಗುಲು ಮುಂದಿನ ಬಾಗಿಲಿನ ಎಡ ಮಗ್ಗುಲಿಗೆ ಸೇರಬೇಕು. ಹಾಗಾಗಿ ಆ ಎರಡು ಬೆರಳಿನ ಜಾಗಕ್ಕೆ ಏನಾದರೂ ಬರೆಯಲೇಬೇಕಿತ್ತು. ಎಂಟು ದಿನ ಕೂತ. ಇಳಿಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಒಂಬತ್ತನೇ ದಿನ ನೋಡಿದರೆ ಬಾಗಿಲ ಪಕ್ಕ ಒಂದು ಸಣ್ಣ ಗೂಡು ಬರೆದಿದ್ದ, ನಮ್ಮ ಹಳೇ ಮನೆಗಳ ಬಾಗಿಲ ಪಕ್ಕದ ಗೋಡೆಯಲ್ಲಿ ದೀಪ ಇಡುವುದಕ್ಕೆ ಇರುತ್ತದಲ್ಲ, ಅಂಥದ್ದು. ಒಳಗೆ ಏಳೇ ಚೌಕದ ಒಂದು ಕುಡಿ. ಯಾಕೆ ಅದು ಎಂದೆ. ಬಾಗಿಲು ಅಂದ ಮೇಲೆ ಯಾರಾದರೂ ಬರುವವರಿರುತ್ತಾರಲ್ಲ, ದೀಪ ಬೇಡವೇ ಎಂದ. ಅದೇನೋ ಮಗ್ಗಕ್ಕೆ ಎಣ್ಣೆ ಬಿಡುವಷ್ಟು ಸಹಜವಾದ ವಿಷಯವೆನ್ನುವ ಹಾಗೆ.

ಅಂಚು ಮಗ್ಗಕ್ಕೆ ಏರಿತು. ಮೊದಲ ಮೊಳ ಇಳಿದ ದಿನ ಅವನ ಮುಖ ನೋಡಿದೆ. ಇವನು ವಿಜಯಪುರಕ್ಕೆ ಹೋಗಿ ಹತ್ತು ಜನರ ಮುಂದೆ, ನನ್ನ ಡಬ್ಬದ ಕತೆಯನ್ನು ನಮ್ಮ ವಂಶದ ಕತೆ ಎಂದು ಹೇಳುತ್ತಾನೆ ಎನ್ನುವುದು ಆಗ ತಲೆಗೆ ಹೊಕ್ಕಿತು. ಹೇಳಿಬಿಡೋಣ ಎಂದು ಹೋದೆ. ಅವನು ಅಜ್ಜಿಯ ಕೈಯನ್ನು ಹಿಡಿದು ಬಟ್ಟೆಯ ಮೇಲೆ ಸವರಿಸುತ್ತಿದ್ದ. ವಾಪಸು ಬಂದೆ. ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ಇನ್ನೊಂದು ಸಲ ಬಾಯಿ ತೆರೆದೆ. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಷರಟು ಹಾಕಿ, ಸೀರೆಯ ಪೊಟ್ಟಣವನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ನಿಂತಿದ್ದ. ಬಾಯಾರಿಕೆ ಎಂದೆ. ಪಾಪ, ಸೋಡಾ ಕೊಡಿಸಿದ.

ವಿಜಯಪುರದಲ್ಲಿ ಚಾಪೆಯ ಮೇಲೆ ಸೀರೆ ಬಿಚ್ಚಿದರು. ಮಾತೇ ಆಡದ ಚಿಕ್ಕಪ್ಪ ಅಂದು ಕಾಲು ಗಂಟೆ ಮಾತಾಡಿದ. ಇದು ನನ್ನದಲ್ಲ, ಸುಳ್ಳು ಹೇಳುವುದಿಲ್ಲ ಎಂದು ಶುರುಮಾಡಿ, ಉತ್ತರದಿಂದ ಹೊರಟವರು, ಹಿಂದೆ ಉಳಿದವರು, ಹಿಮ, ಬಾಗಿಲು, ಎಲ್ಲ ಹೇಳಿದ. ಹಿರಿಯರು ತಲೆದೂಗಿದರು. ಬಾಗಿಲ ಬಳಿ ನಿಂತಿದ್ದ ಹುಡುಗಿ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಅಷ್ಟರಲ್ಲಿ ಅವಳ ತಮ್ಮ, ಡಿಗ್ರಿ ಓದುವವನು, ಬಗ್ಗಿ ಅಂಚು ನೋಡಿ ಹೇಳಿದ.

‘ಅಕ್ಕಾ, ಇದು ನನ್ನ ಗೇಮಲ್ಲಿ ಬರೋ ಬಾಗಿಲು ಕಣೇ. ಮೂರನೇದು.’

ಯಾರಿಗೂ ಅರ್ಥವಾಗಲಿಲ್ಲ. ಅವನು ಟಿ.ವಿ. ಹಾಕಿ ತೋರಿಸಿಯೇ ಬಿಡುತ್ತೇನೆ ಎಂದ. ಹತ್ತು ಹನ್ನೆರಡು ಜನ ದೊಡ್ಡವರು ಕಾಫಿ ಲೋಟ ಹಿಡಿದುಕೊಂಡು, ಕೊಂಬಿನ ಟೋಪಿಯ ಕುಳ್ಳ ಹಳ್ಳ ಹಾರುವುದನ್ನು ಗಂಭೀರವಾಗಿ ನೋಡಿದರು. ಹುಟ್ಟಿದ ಮೇಲೆ ಮೊದಲ ಸಲ, ದೇವರೇ ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಅಂದು ಹೋಗಲಿಲ್ಲ. ಮೂರನೇ ಬಾಗಿಲು ಬಂದು ನಿಂತಿತು. ಅವರ ಟಿ.ವಿ. ಒಳ್ಳೆಯ ಟಿ.ವಿ., ಬಾಗಿಲು ಇಡಿಯಾಗಿ ಕಂಡಿತು. ಬಲಗಡೆಯ ಎರಡು ಬೆರಳಿನಲ್ಲಿ ಒಂದು ಕರಡಿಯ ತಲೆ ಇತ್ತು.

ಯಾರೋ ಕೆಮ್ಮಿದರು, ಯಾರೋ ನಗು ತಡೆದರು. ಚಿಕ್ಕಪ್ಪ ಟಿ.ವಿ. ನೋಡಿದ, ಸೀರೆ ನೋಡಿದ, ಆಮೇಲೆ ನನ್ನನ್ನು ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಕಣ್ಣಲ್ಲಿ ಕೋಪ ಇರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತು, ಸುಳ್ಳು ಹೇಳಿದ್ದು ನಾನು, ಚಿಕ್ಕಪ್ಪನಿಗೆ ಏನೂ ಗೊತ್ತಿಲ್ಲ, ಅವನು ಇದನ್ನು ನಿಜ ಎಂದೇ ನಂಬಿದ್ದ ಎಂದು ಅಳುತ್ತಾ ಹೇಳಿದೆ. ಅಮ್ಮ ನನ್ನ ತೋಳು ಚಿವುಟಿ ಕೂರಿಸಿದಳು. ಚಿಕ್ಕಪ್ಪ ಸೀರೆ ಮಡಿಸಲು ಬಗ್ಗಿದ.

ಹುಡುಗಿ ಬಂದು ಸೀರೆಯ ಇನ್ನೊಂದು ತುದಿ ಹಿಡಿದುಕೊಂಡಳು. ಬಾಗಿಲಿನ ಮೇಲೆ ಅವಳ ಕಣ್ಣಿರಲಿಲ್ಲ. ಎರಡು ಬಾಗಿಲು ಕೂಡುವ ಜಾಗವನ್ನು ಹೆಬ್ಬೆರಳಿನಲ್ಲಿ ಸವರಿ ನೋಡುತ್ತಿದ್ದಳು. ನೇಯುವವರು ಮೊದಲು ನೋಡುವುದೇ ಕೂಡಿಕೆಯನ್ನು.

‘ಅಲ್ಲಿ ಕರಡಿ ಐತೆ. ಇಲ್ಲಿ ದೀಪದ ಗೂಡೈತೆ. ಈ ಗೂಡು ಯಾರು ಬರ್ದಿದ್ದು?’

‘ಕಲ್ಲು ಒಡ್ದೋಗಿದೆ ಅಂದ್ಲು ಇವ್ಳು,’ ಎಂದ ಚಿಕ್ಕಪ್ಪ, ತಲೆ ತಗ್ಗಿಸಿಕೊಂಡೇ. ‘ಕೂಡಿಸ್ಬೇಕಿತ್ತಲ್ಲ. ಅದಕ್ಕೆ ನಾನೇ…’

‘ಅವತ್ತು ನಾನು ಕೇಳಿದ್ದು ಅದನ್ನೇ,’ ಎಂದಳು.

ಸೀರೆಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಮಡಿಸಿ ಒಳಗೆ ಹೋದಳು. ವಾಪಸು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎರಡನೇ ಸಲ ಕೇಸರಿಬಾತು ಬಂತು. ಅದರ ಅರ್ಥ ಅಜ್ಜಿಗೆ ಎಲ್ಲರಿಗಿಂತ ಮೊದಲು ಆಯಿತು.

ವಾಪಸು ಬರುವಾಗ ದೇವನಹಳ್ಳಿಯ ತನಕ ಚಿಕ್ಕಪ್ಪ ನನ್ನ ಜೊತೆ ಮಾತಾಡಲಿಲ್ಲ. ಅಲ್ಲಿ ಇಳಿದು ಕಡಲೆಕಾಯಿ ಕೊಂಡು ಅರ್ಧ ನನ್ನ ಮಡಿಲಿಗೆ ಸುರಿದ. ಜಗಳ ಮುಗಿಯಿತು ಎಂದು ತಿಳಿದುಕೊಂಡೆ. ಆ ಉತ್ತರದೇಶದವರು ಕೊನೆಗೆ ಎಲ್ಲಿಗೆ ಹೋದರಂತೆ ಎಂದು ಕೇಳಿದ. ನನಗೆ ಗೊತ್ತಿಲ್ಲ, ಕರೆಂಟು ಹೋಯಿತು ಎಂದೆ. ಆಷಾಢ ಶುರುವಾದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಬಾಗಿಲಾಚೆ ಇನ್ನಷ್ಟು ಹಿಮ, ಅದರಾಚೆ ನಾಲ್ಕನೇ ಬಾಗಿಲು, ಜನ ಮಾತ್ರ ಎಲ್ಲೂ ಸಿಗುವುದಿಲ್ಲ ಎಂದು ಚಿಕ್ಕಮ್ಮನ ತಮ್ಮ ಮದುವೆಯ ದಿನ ನನಗೆ ಹೇಳಿದ.

ಮದುವೆಯ ಸೀರೆಗೆ ಚಿಕ್ಕಪ್ಪ ಬೇರೆ ಅಂಚು ಬರೆದ. ಬಾಗಿಲನ್ನು ಪೂರ್ತಿ ತೆಗೆದುಹಾಕಿ, ಬರೀ ದೀಪದ ಗೂಡುಗಳ ಸಾಲು. ನೋಡಿದವರೆಲ್ಲ ಎಲ್ಲಿಯದು ಈ ಅಂಚು ಎಂದು ಕೇಳುವವರೇ. ಅಜ್ಜಿಗೆ ಮಾತ್ರ ಸಮಾಧಾನವಿರಲಿಲ್ಲ. ಉತ್ತರದೇಶದವರು ಡಬ್ಬದ ಜನ ಎಂದು ನಾವೆಲ್ಲ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಡಬ್ಬದವರಿಗೆ ಗೊತ್ತಾಗಿದ್ದು ಎಲ್ಲಿಂದ ಎಂದು ನಮಗೇ ತಿರುಗಿ ಕೇಳುತ್ತಿದ್ದಳು. ಮಗ್ಗದ ಹತ್ತಿರ ಬಂದು, ಅಂಚನ್ನು ತುದಿಯಿಂದ ತುದಿಗೆ ಸವರಿ, ಮಗನ ಮುಖ ನೋಡಿದಳು.

‘ಇನ್ನೊಂದ್ಸಲ ಬಿಟ್ಟು ಬಂದ್ಬಿಟ್ಯೇನೋ ಅವ್ರನ್ನ?’

ಚಿಕ್ಕಪ್ಪ ಮಗ್ಗ ನಿಲ್ಲಿಸಿ, ಹಳೆಯ ಕಾರ್ಡುಗಳನ್ನು ಹುಡುಕಿ ತಂದು, ಸೀರೆಯ ಒಳತುದಿಯಲ್ಲಿ ಒಂದೇ ಒಂದು ಬಾಗಿಲು ನೇಯ್ದ. ಚಿಕ್ಕಮ್ಮ ಆ ಸೀರೆಯನ್ನು ಈಗಲೂ ಹಬ್ಬಕ್ಕೆ ಉಡುತ್ತಾಳೆ. ಉಡುವಾಗ ಮೊದಲು ಸೊಂಟಕ್ಕೆ ಸಿಕ್ಕಿಸುವ ತುದಿ ಅದೇ, ಆದ್ದರಿಂದ ಬಾಗಿಲು ಹೊರಗೆ ಯಾರಿಗೂ ಕಾಣುವುದಿಲ್ಲ.